ಎರಡು ಗೇಣು ಅಂತರ

ಕೀಬೋರ್ಡಿನ ಎರಡು ತುಂಡುಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಅಂಟಿಕೊಂಡು ಎಂದರೆ ನಡುವೆ ಒಂದು ಕಾಗದ ತೂರಿಸುವಷ್ಟೂ ಜಾಗ ಬಿಟ್ಟಿರಲಿಲ್ಲ. ಹಲ್ಲಿನವನು ಅಕ್ಕನ ಮನೆಯ ಬಾಗಿಲು ದಾಟುತ್ತಲೇ ಕಿಟಕಿ ಪಕ್ಕದ ಮೇಜಿನ ಮೇಲೆ ಅದನ್ನು ಕಂಡ. ಕಂಡದ್ದೇ ತಡ, ಪಿತ್ತ ನೆತ್ತಿಗೇರಿತು. ಹೋದ ಭಾನುವಾರ ತಾನೇ ಟೇಪು ಹಿಡಿದು ಅಳೆದು, ಎಡದ ತುಂಡು ಇಲ್ಲಿ, ಬಲದ ತುಂಡು ಅಲ್ಲಿ, ನಡುವೆ ಎರಡು ಗೇಣು ಎಂದು ಮೇಜಿಗೆ ಹಳದಿ ಪಟ್ಟಿ ಅಂಟಿಸಿ ಹೋಗಿದ್ದ. ಪಟ್ಟಿಗಳು ಅಲ್ಲೇ ಇದ್ದವು. ಒಂದರ ಮೇಲೆ ಚಹಾ ಲೋಟ ಕೂತಿತ್ತು, ಇನ್ನೊಂದರ ಮೇಲೆ ಕನ್ನಡಕದ ಡಬ್ಬಿ.

"ಅಕ್ಕಾ, ಇದನ್ನ ಯಾರು ಕೂಡಿಸಿದ್ದು?"

"ನಾನೇ. ಇನ್ಯಾರು ಬರ್ತಾರೆ ಇಲ್ಲಿಗೆ."

"ಕೂಡಿಸಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ನೀನು ಹೇಳ್ತಾನೇ ಇರ್ತೀಯ. ನಂಗೆ ದೂರ ಆಗುತ್ತೆ ಕಣೋ ಪುಟ್ಟ."

"ಏನು ದೂರ ಆಗುತ್ತೆ? ಎಡಗೈ ಎಡಕ್ಕಿರುತ್ತೆ, ಬಲಗೈ ಬಲಕ್ಕಿರುತ್ತೆ. ಎರಡೂ ಭುಜದ ನೇರಕ್ಕೆ ಇಟ್ಟಿದೀನಿ. ಯಾರಿಗೆ ಏನು ದೂರ ಆಗ್ಬೇಕು?"

ಅಕ್ಕ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳದು ಯಾವಾಗಲೂ ಇದೇ ಚಾಳಿ. ಮಾತು ಬಿಗಿಯಾದ ತಕ್ಷಣ ಲೋಟ ತೊಳೆಯುವ ಕೆಲಸ ನೆನಪಾಗುತ್ತದೆ.

ಹಲ್ಲಿನವನು ಎಂದರೆ ಹಲ್ಲು ಕೀಳುವವನಲ್ಲ. ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಇವನು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಸಾಕು, ಮುದುಕರು ಮೂರೇ ದಿನಕ್ಕೆ ತಂದು ಮುಖದ ಮೇಲೆ ಎಸೆಯುತ್ತಾರೆ. ಇಪ್ಪತ್ತು ವರ್ಷ ಹೀಗೆ ಬೈಸಿಕೊಂಡವನಿಗೆ ಒಂದು ಕೀಬೋರ್ಡು ಯಾವ ಮಹಾ ಎನಿಸಿತ್ತು. "ಬಿಡು ಅಕ್ಕಾ, ನಿನ್ನ ಕೈಗೆ ಹೇಳಿ ಮಾಡಿಸಿದಂಥದ್ದು ನಾನೇ ಮಾಡಿಕೊಡ್ತೀನಿ" ಎಂದಿದ್ದ, ಎಂಟು ತಿಂಗಳ ಹಿಂದೆ. ಆ ಮಾತನ್ನು ಈಗ ಯಾರಾದರೂ ನೆನಪಿಸಿದರೆ ಹೊಡೆಯಲು ಬರುತ್ತಾನೆ.

ಅಕ್ಕ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನು, ಕೆಮ್ಮು ಬಿಕ್ಕಳಿಕೆ ಬಿಟ್ಟು, ಹೇಳಿದ ಹಾಗೆಯೇ ಅಲ್ಲೇ ಕೂತು ಟೈಪು ಮಾಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಂದೇ ಕುರ್ಚಿ. ನ್ಯಾಯಾಧೀಶರ ಪೀಠಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಸಾಕ್ಷಿಯ ಮುಖ ಸರಿಯಾಗಿ ಕಾಣುವ ಜಾಗದಲ್ಲಿ. ಯಾರು ನಿಜ ಹೇಳುತ್ತಿದ್ದಾರೆ, ಯಾರು ಬೊಗಳೆ ಬಿಡುತ್ತಿದ್ದಾರೆ ಎಂದು ನ್ಯಾಯಾಧೀಶರಿಗಿಂತ ಮೊದಲು ತನಗೆ ಗೊತ್ತಾಗುತ್ತದೆ ಎಂದು ಅವಳಿಗೆ ಜಂಭ. ಆ ಕುರ್ಚಿಗೇ ಈಗ ಸಂಚಕಾರ ಬಂದಿತ್ತು. ಹೊಸದಾಗಿ ಬಂದ ಅಧಿಕಾರಿ ಎಲ್ಲ ಬೆರಳಚ್ಚುಗಾರರಿಗೂ ವೇಗದ ಪರೀಕ್ಷೆ ಇಟ್ಟಿದ್ದರು. ಹತ್ತು ನಿಮಿಷ, ನಿಮಿಷಕ್ಕೆ ನಲವತ್ತು ಪದ. ಬೇಕಾದವರು ತಮ್ಮದೇ ಕೀಬೋರ್ಡು ತರಬಹುದು. ನಲವತ್ತು ಮುಟ್ಟದವರು ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಬೇಕು. ಅಲ್ಲಿ ಮಾತಾಡುವ ಸಾಕ್ಷಿಗಳಿಲ್ಲ, ಕಟ್ಟು ಕಟ್ಟಿದ ಕಡತಗಳು ಮಾತ್ರ. ಒಂದು ಕಾಲಕ್ಕೆ ಎಂಬತ್ತು ಪದ ಹೊಡೆಯುತ್ತಿದ್ದ ಅಕ್ಕ ಮೂವತ್ತನಾಲ್ಕಕ್ಕೆ ಬಂದು ನಿಂತಿದ್ದಳು. ಬಲಗೈ ಮಣಿಕಟ್ಟು ನೋಯುತ್ತದೆ ಎನ್ನುತ್ತಿದ್ದಳು. ಪರೀಕ್ಷೆಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ಮೇಜಿನ ಮೇಲಿದ್ದದ್ದು ಏಳನೆಯ ಕೀಬೋರ್ಡು. ಮೊದಲನೆಯದಕ್ಕೆ ಅವನು ಅಕ್ಕನ ಎರಡೂ ಕೈಗಳ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದಿದ್ದ. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಬಲಗೈಗೆ ಹಾಕಿದಾಗ "ಸುಡ್ತಿದೆ ಕಣೋ, ತೆಗಿಯೋ" ಎಂದು ಗೋಳಾಡಿ ಅಚ್ಚನ್ನೇ ಕೆಡಿಸಿದ್ದಳು. ಎಡಗೈಗೆ ಹಾಕಿದಾಗ ಮಾತ್ರ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ನಿನ್ನ ಎಡಗೈಯೇ ನಿನಗಿಂತ ಸಭ್ಯಸ್ಥ ಎಂದು ತಮಾಷೆ ಮಾಡಿದ್ದ. ಆ ಅಚ್ಚುಗಳ ಮೇಲೆ ಮೇಣ ಹಾಸಿ, ಒಂದೊಂದು ಬೆರಳಿನ ಉದ್ದಕ್ಕೆ ತಕ್ಕ ಹಾಗೆ ಕೀಗಳ ಸಾಲನ್ನು ಮುಂದೆ ಹಿಂದೆ ಜರುಗಿಸಿ, ಬೋಗುಣಿಯ ಹಾಗೆ ಒಳಕ್ಕೆ ಬಾಗಿಸಿ, ಕೈ ಚೂರೂ ತಿರುಚದ ಹಾಗೆ ಎರಡು ತುಂಡು ಮಾಡಿದ್ದ.

ಅಕ್ಕ ಒಪ್ಪಲಿಲ್ಲ. ಎರಡನೆಯದಕ್ಕೆ ಇಳಿಜಾರು ಕಡಿಮೆ ಮಾಡಿದ. ಒಪ್ಪಲಿಲ್ಲ. ಮೂರನೆಯದಕ್ಕೆ ಮೆತ್ತನೆ ಸ್ಪ್ರಿಂಗಿನ ಸ್ವಿಚ್ಚು ಹಾಕಿದ. "ಇದು ಪರವಾಗಿಲ್ಲ, ಆದ್ರೆ ದೂರ" ಎಂದಳು. ಯಾವ ಕೀ ಬೇಕು, ಯಾವುದು ಬೇಡ ಎಂದು ತಿಳಿಯಲು ಅವಳ ಕಂಪ್ಯೂಟರಿನಲ್ಲಿ ಒತ್ತುಗಳನ್ನು ಎಣಿಸುವ ಒಂದು ತಂತ್ರಾಂಶ ಕೂರಿಸಿ, ತಿಂಗಳ ಲೆಕ್ಕವನ್ನು ಅರೆದು ಕುಡಿದು, ನಾಲ್ಕನೆಯದರಲ್ಲಿ ಅಂಕಿಗಳ ಸಾಲನ್ನೇ ಕಿತ್ತು ಹಾಕಿದ. ಆಗ ಮಾತ್ರ ಅವಳ ಮುಖ ಅರಳಿತು. "ಇನ್ನೂ ಚಿಕ್ಕದು ಮಾಡೋ" ಎಂದಳು. ಐದನೆಯದರಲ್ಲಿ ಇನ್ನೂ ಚಿಕ್ಕದು ಮಾಡಿದ. ಆರನೆಯದು, ಏಳನೆಯದು ಮತ್ತೂ ಚಿಕ್ಕವು. ಅದಾದ ಮೇಲೂ ಪ್ರತಿ ಭಾನುವಾರ ಬಂದು ನೋಡಿದರೆ ತುಂಡುಗಳು ಅಂಟಿಕೊಂಡೇ ಕೂತಿರುತ್ತಿದ್ದವು. ಹೇಳಿ, ಯಾವ ಮನುಷ್ಯನಿಗೆ ತಾನೇ ತಲೆ ಕೆಡುವುದಿಲ್ಲ? ಎರಡು ತುಂಡು ಮಾಡಿದ್ದೇ ದೂರ ಇಡಲಿ ಎಂದು. ಕೂಡಿಸಿಕೊಂಡು ಬಳಸುವುದಾದರೆ ಅಂಗಡಿಯ ಕೀಬೋರ್ಡು ಏನು ಪಾಪ ಮಾಡಿತ್ತು?

ಅವಳು ಟೈಪು ಮಾಡುವುದನ್ನು ಒಂದು ಸಲ ನೋಡಿಬಿಡೋಣ ಎಂದರೆ ಅದಕ್ಕೂ ಬಿಡಳು. "ನೀನು ಎದುರಿಗೆ ನಿಂತ್ರೆ ನಂಗೆ ಬೆರಳೇ ಓಡಲ್ಲ. ಆಚೆ ಹೋಗು."

ಆಚೆ ಎಂದರೆ ಅಡುಗೆಮನೆ. ಅಲ್ಲಿ ಭಾವ ಕೂತು ಕ್ಯಾರೆಟ್ಟಿನ ಸಿಪ್ಪೆ ಹೆರೆಯುತ್ತಿರುತ್ತಿದ್ದರು. ಭಾವ ಬಸ್ಸಿನ ಡ್ರೈವರು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಈಚೆಗೆ ತರಕಾರಿ, ಪಾತ್ರೆ, ಬಟ್ಟೆ ಹಿಂಡುವುದು, ಎಲ್ಲ ಅವರದೇ.

"ಭಾವ, ನಿಮ್ಮನ್ನ ನೋಡಿದ್ರೆ ನಂಗೆ ಅಯ್ಯೋ ಅನ್ಸುತ್ತೆ. ಇಷ್ಟು ದೊಡ್ಡ ಬಸ್ಸು ತಿರುಗಿಸೋರು ಮನೇಲಿ ಹೀಗೆ ಬಾಲ ಮುದುರಿಕೊಂಡು ಕೂತಿದೀರಲ್ಲ."

"ಬಸ್ಸು ಮಾತಾಡಲ್ಲಪ್ಪ" ಎಂದು ಭಾವ ಇನ್ನೊಂದು ಕ್ಯಾರೆಟ್ಟು ಎತ್ತಿಕೊಂಡರು. "ನಿಮ್ಮಕ್ಕ ಹೇಳಿದ ಹಾಗೆ ಮಾಡ್ಬಿಡು. ಕೂಡಿಸು ಅಂದ್ರೆ ಕೂಡಿಸು."

"ಕೂಡಿಸಿದ್ರೆ ಮಣಿಕಟ್ಟು ಹಾಳಾಗುತ್ತೆ ಭಾವ. ಎಂಟು ತಿಂಗಳಿಂದ ಅದನ್ನೇ ಬಡ್ಕೋತಿದೀನಿ."

ಭಾವ ಏನೋ ಹೇಳಲು ಬಾಯಿ ತೆರೆದವರು ಸಿಪ್ಪೆಗಳನ್ನು ಬಾಚಿ ಬುಟ್ಟಿಗೆ ಹಾಕಿದರು.

ಆ ಭಾನುವಾರ ಹಲ್ಲಿನವನು ಹಾಗೆಯೇ ಮುಖ ಊದಿಸಿಕೊಂಡು ಮನೆಗೆ ಹೋದ. ಸೋಮವಾರ ಕೆಲಸದ ಮೇಜಿನ ಮುಂದೆ ಕೂತು ಯಾರದೋ ಕೆಳದವಡೆಯನ್ನು ಉಜ್ಜುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಕಟ್ಟುಹಲ್ಲು ಹಾಕಿಕೊಂಡವರು ನೋವು ಇಲ್ಲಿ ಎಂದು ಬೆರಳಿಟ್ಟು ತೋರಿಸುತ್ತಾರೆ. ಹತ್ತಕ್ಕೆ ಎಂಟು ಸಲ ಅದು ತಪ್ಪು ಜಾಗ. ಅದಕ್ಕೇ ಈ ಕಸುಬಿನಲ್ಲಿ ಯಾರೂ ಕೇಳುತ್ತ ಕೂರುವುದಿಲ್ಲ. ಹಲ್ಲಿನ ನಡುವೆ ಬಣ್ಣದ ತೆಳು ಕಾಗದವಿಟ್ಟು ಕಚ್ಚಿಸುತ್ತಾರೆ. ಎಲ್ಲಿ ಹಲ್ಲಿಗೆ ಹಲ್ಲು ತಾಗುತ್ತದೋ ಅಲ್ಲಿ ಬಣ್ಣ ಕೂರುತ್ತದೆ, ಮಾತಿನ ಹಂಗಿಲ್ಲ. ಅಕ್ಕನಿಗೂ ಅದನ್ನೇ ಮಾಡಿದರಾಯಿತು. ಎಡದ ಕೀಗಳಿಗೆ ನೀಲಿ, ಬಲದವಕ್ಕೆ ಕೆಂಪು. ಟೈಪು ಮಾಡಿಸಿ, ಬೆರಳು ನೋಡಿ, ನೋಡು ತಾಯಿ, ಪ್ರತಿ ಬೆರಳೂ ತನ್ನ ಕೀಯ ಮೇಲೇ ಬೀಳುತ್ತಿದೆ, ಯಾವುದೂ ದೂರವಿಲ್ಲ, ಇನ್ನು ಬಾಯಿ ಮುಚ್ಚು ಎಂದುಬಿಡಬಹುದು. ಸತ್ಯ ಹೇಳಬೇಕೆಂದರೆ ಅವನಿಗೆ ಅಕ್ಕನ ಕೈಯ ಚಿಂತೆಗಿಂತ ಹೆಚ್ಚಾಗಿ ವಾದ ಗೆಲ್ಲುವ ಚಪಲ ಹತ್ತಿತ್ತು.

ಮಂಗಳವಾರ ಸಂಜೆ ಹೋದವನು ಅಕ್ಕ ಮುಖ ತೊಳೆಯಲು ಹೋಗಿದ್ದಾಗ ಬಣ್ಣವನ್ನು ಕೀಗಳಿಗೆ ತೆಳ್ಳಗೆ ಉಜ್ಜಿದ. ಕಪ್ಪು ಕೀಗಳ ಮೇಲೆ ಅದು ಕಾಣುತ್ತಲೂ ಇರಲಿಲ್ಲ.

"ಒಂದು ಪುಟ ಹೊಡಿ. ನಾನು ಆಚೆ ಇರ್ತೀನಿ. ಮುಗಿದ್ಮೇಲೆ ಕರಿ."

ಅಡುಗೆಮನೆಯಿಂದ ಕೀಗಳ ಸದ್ದು ಕೇಳುತ್ತಿತ್ತು. ಆಮೇಲೆ "ಆಯ್ತು ಬಾರೋ" ಎಂದು ಕರೆದಳು.

"ಎಲ್ಲಿ, ಕೈ ತೋರಿಸು."

"ಯಾಕೆ?"

"ತೋರಿಸು ಅಕ್ಕಾ."

ಅಕ್ಕ ಬಲಗೈ ಚಾಚಿ, ತನ್ನ ಬೆರಳನ್ನು ತಾನೇ ನೋಡಿಕೊಂಡು ಬೆಚ್ಚಿದಳು. ಐದೂ ಬೆರಳ ತುದಿಯಲ್ಲಿ ಕೆಂಪು ನೀಲಿ ಎರಡೂ ಕಲಸಿಕೊಂಡು ನೇರಳೆಯಾಗಿತ್ತು. ಎಡಗೈಯನ್ನು ಅವಳು ಮಡಿಲಿನಿಂದ ಎತ್ತಲಿಲ್ಲ. ಅವನೇ ಬಾಗಿ ಹಿಡಿದು ಎತ್ತಿದ. ಈಗ ತಾನೇ ಸೋಪು ಹಾಕಿ ತೊಳೆದ ಕೈಯ ಹಾಗೆ ಇತ್ತು. ಒಂದು ಚುಕ್ಕೆ ನೀಲಿಯೂ ಇರಲಿಲ್ಲ.

ಅವನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ತಿಳಿಯಿತು. ತಿಂಗಳ ಲೆಕ್ಕ ಯಾವ ಕೀ ಎಷ್ಟು ಸಲ ಎಂದು ಹೇಳಿತ್ತೇ ಹೊರತು ಯಾವ ಬೆರಳು ಎಂದು ಹೇಳಿರಲಿಲ್ಲ. ಬಲಗೈ ಒಂದೇ ಆ ಕಡೆಗೂ ಈ ಕಡೆಗೂ ಓಡಾಡುತ್ತಿತ್ತು. ಎರಡು ಗೇಣು ದೂರ ಇಟ್ಟರೆ ಅದು ಹೇಗೆ ದಾಟೀತು?

ಅವನು ಅಕ್ಕನ ಎಡ ತೋರುಬೆರಳ ತುದಿಗೆ ಉಗುರು ಒತ್ತಿದ. "ಗೊತ್ತಾಗುತ್ತಾ?"

ಅಕ್ಕ ಕಿಟಕಿಯ ಕಡೆ ನೋಡಿದಳು. "ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ ಕಣೋ. ಅಂಗೈ ಗೊತ್ತಾಗುತ್ತೆ. ಬೆರಳು ಯಾವುದೂ ಇಲ್ಲ."

"ಯಾವಾಗಿಂದ?"

"ಹನ್ನೊಂದು ತಿಂಗಳು."

ಅವನಿಗೆ ಆ ಪ್ಲಾಸ್ಟರಿನ ದಿನ ನೆನಪಾಯಿತು. ಬಿಸಿ ಪ್ಲಾಸ್ಟರಿನಲ್ಲಿ ಒಂದು ಕೈ ಮಿಸುಕಾಡದೆ ಕೂತಿದೆ, ಅದನ್ನು ಸಭ್ಯಸ್ಥ ಎಂದು ಹೊಗಳಿದ್ದ. ಇಪ್ಪತ್ತು ವರ್ಷದ ಕಸುಬಿನ ಜಂಭ ಬೇರೆ. ಅವಮಾನವಾಯಿತು, ಭಯವೂ ಆಯಿತು. ಆದರೆ ಬಾಯಿಂದ ಹೊರಬಿದ್ದದ್ದು ಸಿಟ್ಟು.

"ಏಳು ಎಡ ತುಂಡು ಮಾಡಿದೀನಿ ಅಕ್ಕಾ ನಾನು. ಏಳು. ಕಿರುಬೆರಳಿಗೆ ಅಂತ ಮೂರು ದಿನ ಕೂತು ಉಜ್ಜಿದೀನಿ. ಒಂದು ಮಾತು ಹೇಳೋಕೆ ನಿಂಗೇನು ರೋಗ?"

"ಹೇಳಿದ್ರೆ ನೀನು ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತೀಯ. ಡಾಕ್ಟರ್ ಚೀಟಿ ಬರೀತಾರೆ. ಚೀಟಿ ಆಫೀಸಿಗೆ ಹೋಗುತ್ತೆ. ಮಾರನೇ ದಿನ ನಾನು ನೆಲಮಾಳಿಗೇಲಿರ್ತೀನಿ." ಅಕ್ಕ ಎಡಗೈಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಆ ಕುರ್ಚಿ ಬಿಟ್ರೆ ನಂಗೆ ಬೇರೆ ಏನು ಬರುತ್ತೋ?"

ಅಡುಗೆಮನೆಯ ಬಾಗಿಲಲ್ಲಿ ಭಾವ ಬಂದು ನಿಂತಿದ್ದರು, ಕೈಯಲ್ಲಿ ಚಾಕು.

"ನಿಮಗೂ ಗೊತ್ತಿತ್ತು" ಎಂದ ಹಲ್ಲಿನವನು.

"ಹನ್ನೊಂದು ತಿಂಗಳಿಂದ ತರಕಾರಿ ಹೆಚ್ತಿದೀನಲ್ಲಪ್ಪ. ನಿಂಗೆ ಅನುಮಾನ ಬರುತ್ತೆ ಅಂತ ದಿನಾ ಕಾದೆ" ಎಂದರು ಭಾವ. "ಹೇಳಬೇಡಿ ಅಂತ ನಿಮ್ಮಕ್ಕ ಆಣೆ ಹಾಕಿಸ್ಕೊಂಡಿದ್ಲು."

ಎಂಥ ಸಂಸಾರ ಇದು ಎಂದು ಅವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮರುದಿನವೇ ಡಾಕ್ಟರಲ್ಲಿಗೆ ಹೋಗೋಣ ಎಂದ. ಪರೀಕ್ಷೆ ಮುಗಿಯಲಿ ಎಂದಳು. ಹನ್ನೊಂದು ತಿಂಗಳು ಮುಚ್ಚಿಟ್ಟದ್ದು ಸಾಲದೇ ಎಂದ. ಹನ್ನೊಂದು ತಿಂಗಳು ತಡೆದದ್ದಕ್ಕೆ ಇನ್ನೊಂದು ವಾರ ಎಂದಳು. ಕೊನೆಗೆ ಪರೀಕ್ಷೆ ಮುಗಿದ ಗಂಟೆಯೊಳಗೆ ಡಾಕ್ಟರು ಎಂದು ತೀರ್ಮಾನವಾಗಿ, ಭಾವ ಇಬ್ಬರ ಮುಂದೆಯೇ ಫೋನು ಮಾಡಿ ಸಮಯ ಗೊತ್ತು ಮಾಡಿದರು.

ಎಂಟನೆಯ ಕೀಬೋರ್ಡಿಗೆ ಅವನ ಕೈಯಲ್ಲಿ ಏಳು ದಿನವಿತ್ತು. ಬಲದ ತುಂಡನ್ನು ಹೊಸದಾಗಿ ಮಾಡಿದ. ಎಲ್ಲ ಅಕ್ಷರಗಳೂ ಒಂದೇ ಕೈಯ ಬೆರಳಿಗೆ ಎಟುಕುವ ಹಾಗೆ, ಮೂವತ್ತಾರು ಕೀ, ಒಂದು ಅಂಗೈ ಅಗಲ. ಅಕ್ಕನ ಬೆರಳು ಈಗಾಗಲೇ ಎಲ್ಲಿಂದ ಎಲ್ಲಿಗೆ ಓಡಿ ಅಭ್ಯಾಸವಾಗಿದೆ ಎಂದು ನೋಡಿಕೊಂಡು ಅದೇ ಕ್ರಮವನ್ನು ಕುಗ್ಗಿಸಿದ. ಈ ಸಲ ಅಕ್ಕ ಅವನೆದುರೇ ಟೈಪು ಮಾಡಿದಳು. ಮಣಿಕಟ್ಟು ನೋಯಲಿಲ್ಲ. ಆದರೆ ಹತ್ತು ನಿಮಿಷದ ಲೆಕ್ಕ ಹಾಕಿದರೆ ಮತ್ತೆ ಮೂವತ್ತನಾಲ್ಕು, ಹೆಚ್ಚೆಂದರೆ ಮೂವತ್ತೈದು.

"ಸಾಲಲ್ಲ" ಎಂದಳು ಅಕ್ಕ. ಆಮೇಲೆ ಸಣ್ಣ ದನಿಯಲ್ಲಿ, "ಎಡದ ತುಂಡೂ ಒಂದಿರ್ಲಿ" ಎಂದಳು.

"ಯಾಕೆ?"

"ಮೇಜಿನ ಮೇಲೆ ಒಂದೇ ಇದ್ರೆ ಕೇಳ್ತಾರೆ. ಒಳಗೆ ಏನೂ ಬೇಡ, ಮೇಲೆ ಕೀ ಕಂಡ್ರೆ ಸಾಕು. ಕಟ್ಟುಹಲ್ಲು ಮಾಡೋನು ನೀನು, ನಿಂಗೇನು ಕಷ್ಟ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. "ನಾನು ಮಾಡೋ ಹಲ್ಲಲ್ಲಿ ಜನ ಅಗಿದು ತಿಂತಾರೆ ಅಕ್ಕಾ. ನೋಡೋಕೆ ಇಟ್ಕೊಳ್ಳಲ್ಲ."

ಅದನ್ನು ಹೇಳಿ ಎದ್ದು ಬಂದ. ಆದರೆ ಆ ಮಾತು ಅವನನ್ನೇ ಬಿಡಲಿಲ್ಲ. ತಿಂಗಳ ಲೆಕ್ಕವನ್ನು ಮತ್ತೆ ತೆಗೆದು ನೋಡಿದ. ಎಲ್ಲಕ್ಕಿಂತ ಹೆಚ್ಚು ಸಲ ಒತ್ತಿದ್ದು ಯಾವ ಅಕ್ಷರವನ್ನೂ ಅಲ್ಲ. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ಉದ್ದ ಕೀಯನ್ನು. ಆರು ಒತ್ತಿಗೆ ಒಂದು ಅದು. ಅದನ್ನು ಬಲಗೈಯಿಂದ ಇಳಿಸಿಬಿಟ್ಟರೆ? ಬೆರಳು ಸತ್ತಿದ್ದರೇನು, ಅಂಗೈಗೆ ಗೊತ್ತಾಗುತ್ತದೆ ಎಂದಳಲ್ಲ.

ಎರಡು ದಿನ ಬಾಗಿಲು ಹಾಕಿಕೊಂಡು ಕೂತ. ಹಳೆಯ ಎಡಗೈ ಅಚ್ಚನ್ನು ಮಗುಚಿ, ಅಂಗೈಯ ಉಬ್ಬಿಗೆ ಸರಿಯಾಗಿ ಕೂರುವ ಒಂದೇ ಒಂದು ಅಗಲದ ಗುಂಡಿ ಮಾಡಿದ. ಸುಳ್ಳು ಕೀ ಒಂದನ್ನೂ ಹಾಕಲಿಲ್ಲ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅದನ್ನು ತಂದು, ಹಳದಿ ಪಟ್ಟಿಯ ಮೇಲೆ, ಎರಡು ಗೇಣು ದೂರದಲ್ಲಿ ಇಟ್ಟ.

ಅಕ್ಕ ಅದನ್ನು ನೋಡಿದಳು. "ಇದೇನಿದು? ಇದನ್ನ ನೋಡಿದ್ರೆ ಎಂಥವರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಕೈ ಇಟ್ಟು ನೋಡು."

"ನನ್ನ ಮಾನ ಕಳೀಬೇಕು ಅಂತಾನೇ ಮಾಡಿದೀಯ. ತಗೊಂಡು ಹೋಗು."

"ಅಕ್ಕಾ, ನಿನ್ನ ಕುರ್ಚಿ ಬೇಕೋ, ನಿನ್ನ ಗುಟ್ಟು ಬೇಕೋ? ಎರಡೂ ಬೇಕು ಅಂದ್ರೆ ನನ್ನ ಹತ್ರ ಆ ಥರದ ಕೀಬೋರ್ಡ್ ಇಲ್ಲ."

ತುಂಡನ್ನು ಅಲ್ಲೇ ಬಿಟ್ಟು ಬಂದ. ಇಡೀ ದಿನ ಅಕ್ಕನ ಫೋನಿಲ್ಲ. ಇವನೂ ಮಾಡಲಿಲ್ಲ. ಸಂಜೆ ಭಾವ ಮಾತ್ರ ಫೋನು ಮಾಡಿ, ಬಾಗಿಲು ಹಾಕಿಕೊಂಡು ಕೂತಿದ್ದಾಳೆ, ಕೀ ಸದ್ದು ಕೇಳುತ್ತಿದೆ, ಒಂದೋ ಎರಡೋ ಎಂದು ತಿಳಿಯುತ್ತಿಲ್ಲ ಎಂದರು.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ನ್ಯಾಯಾಲಯದ ಉದ್ದ ಪಡಸಾಲೆಯ ಬೆಂಚಿನ ಮೇಲೆ ಹಲ್ಲಿನವನೂ ಭಾವನೂ ಕೂತರು. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಇವನ ಮುಖ ನೋಡದೆ ಒಳಗೆ ಹೋದಳು. ಚೀಲದಲ್ಲಿ ಒಂದಿದೆಯೋ ಎರಡಿದೆಯೋ ಭಾವನಿಗೂ ಗೊತ್ತಿರಲಿಲ್ಲ. ಬಾಗಿಲಿಗೆ ಒಂದು ಗಾಜಿನ ಕಿಂಡಿ ಇತ್ತು. ಹಲ್ಲಿನವನು ಐದು ನಿಮಿಷ ಹಲ್ಲು ಕಚ್ಚಿ ಕೂತ. ಆಮೇಲೆ ತಡೆಯಲಾಗದೆ ಎದ್ದು ಹೋಗಿ ಕಿಂಡಿಯಲ್ಲಿ ಇಣುಕಿದ.

ಅಕ್ಕ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಮೇಜಿನ ಮೇಲೆ ಎರಡೂ ತುಂಡುಗಳಿದ್ದವು. ಬಲದ್ದು ಬಲ ಭುಜದ ನೇರಕ್ಕೆ, ಎಡದ್ದು ಎಡ ಭುಜದ ನೇರಕ್ಕೆ. ನಡುವೆ ಎರಡು ಗೇಣು. ಯಾರೂ ಪಟ್ಟಿ ಅಂಟಿಸಿರಲಿಲ್ಲ, ಅವಳೇ ಇಟ್ಟುಕೊಂಡಿದ್ದಳು. ಬಲಗೈ ಓಡುತ್ತಿತ್ತು. ಹನ್ನೊಂದು ತಿಂಗಳು ಮಡಿಲಲ್ಲಿ ಅಡಗಿ ಕೂತಿದ್ದ ಎಡಗೈ ಎಲ್ಲರ ಕಣ್ಣೆದುರೇ, ಪದ ಮುಗಿದಾಗಲೆಲ್ಲ ಒಂದು ಸಲ ಇಳಿದು ಏಳುತ್ತಿತ್ತು. ಅವನಿಗೆ ಕಣ್ಣು ಮಂಜಾಯಿತು. ಗಾಜನ್ನು ಒರೆಸಿದ, ಗಾಜು ಸರಿಯಾಗಿಯೇ ಇತ್ತು.

ಅಕ್ಕ ಹೊರಗೆ ಬಂದಾಗ ಹತ್ತೂಮುಕ್ಕಾಲು. ಭಾವ ಎದ್ದು ನಿಂತರು. "ಎಷ್ಟು?"

"ನಲವತ್ತೊಂದು" ಎಂದಳು ಅಕ್ಕ, ನಲವತ್ತೊಂದು ಎಂದರೆ ಯಾವ ದೊಡ್ಡ ವಿಷಯ ಎನ್ನುವ ಹಾಗೆ. ಆಮೇಲೆ ಬೆಂಚಿನ ಮೇಲೆ ಕುಸಿದಳು. "ಆ ಅಧಿಕಾರಿ ಬಂದು ಕೇಳಿದ್ರು, ಇದೇನಮ್ಮ ಒಂದೇ ಗುಂಡಿ ಅಂತ. ನನ್ನ ಎಡಗೈ ಬೆರಳು ಸತ್ತಿದೆ ಸರ್, ಅದ್ರ ಕೈಲಾದಷ್ಟು ಅದು ಮಾಡುತ್ತೆ ಅಂದೆ."

"ಅವರೇನಂದ್ರು?"

"ಹೊತ್ತು ಎಣಿಸೋ ಗಡಿಯಾರ ಒತ್ತಿದ್ರು."

ಭಾವ ಆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಹಲ್ಲಿನವನು ಅಕ್ಕನ ಪಕ್ಕದಲ್ಲಿ ಕೂತ. ಅಕ್ಕ ಚೀಲದಿಂದ ಎಡದ ತುಂಡನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

"ಇದು ಚೂರು ದೂರ ಆಗುತ್ತೆ ಕಣೋ ಪುಟ್ಟ. ಇನ್ನೊಂದ್ಚೂರು ಹತ್ರ ಇದ್ದಿದ್ರೆ ನಲವತ್ತೈದು ಬರ್ತಿತ್ತು."

ಅವನು ಅಕ್ಕನ ಮುಖ ನೋಡಿದ. ಅವಳು ನಗುತ್ತಿರಲಿಲ್ಲ, ನಿಜವಾಗಿಯೂ ದೂರುತ್ತಿದ್ದಳು.

"ಒಂದು ಕೂದಲೂ ಜರುಗಿಸಲ್ಲ" ಎಂದು ಅವನು ಎದ್ದು ಅವಳ ಎಡಗೈ ಹಿಡಿದುಕೊಂಡ. "ನಡಿ, ಡಾಕ್ಟರ್ ಹನ್ನೊಂದೂವರೆಗೆ ಬಾ ಅಂದಿದಾರೆ."